‘ಸಂಶೋಧನೆ ಹೇಳುತ್ತದೆ’ ಎಂಬ ಸುದ್ದಿಗಳನ್ನು ನಿಮ್ಮ ಮನೆಯಲ್ಲಿ ಹೇಗೆ ಓದುತ್ತೀರಿ?

ಶಾಲಿನಿ ಬಸವನಗುಡಿ · ಭಾನುವಾರ ಬೆಳಗ್ಗೆ 8:10

ನಮ್ಮ ಮನೆಯಲ್ಲಿ ಈಗ ಜಗಳ ನಡೆಯುವುದು ಆಸ್ತಿಗಾಗಿ ಅಲ್ಲ, ಸಂಶೋಧನೆಗಾಗಿ.

ಅಪ್ಪನಿಗೆ 74 ವರ್ಷ. ಬೆಳಗ್ಗೆ ಕೃಷ್ಣರಾವ್ ಉದ್ಯಾನದಲ್ಲಿ ಹತ್ತು ಸಾವಿರ ಹೆಜ್ಜೆ ಮುಗಿಯದೆ ಮನೆಗೆ ಬರುವುದಿಲ್ಲ. ಲೆಕ್ಕ ಕಡಿಮೆ ಬಿದ್ದರೆ ರಾತ್ರಿ ಊಟವಾದ ಮೇಲೆ ಹಜಾರದಲ್ಲಿ ಗಡಿಯಾರದ ಲೋಲಕದಂತೆ ಅತ್ತಿಂದಿತ್ತ ಓಡಾಡುತ್ತಾರೆ. ಮಂಡಿ ಊದಿಕೊಂಡಿದೆ. ‘ಏಳು ಸಾವಿರ ಸಾಕಂತೆ’ ಎಂದು ಪತ್ರಿಕೆ ತೋರಿಸಿದರೆ, ‘ಹತ್ತು ಎಂದವರೂ ವಿಜ್ಞಾನಿಗಳೇ, ಏಳು ಎನ್ನುವವರೂ ವಿಜ್ಞಾನಿಗಳೇ. ನಾಳೆ ಐದು ಎನ್ನುತ್ತಾರೆ, ನಾಡಿದ್ದು ಮಲಗಿಕೋ ಎನ್ನುತ್ತಾರೆ’ ಎನ್ನುತ್ತಾರೆ.

ಮಗನ ಸಮಸ್ಯೆ ಬೇರೆ. 2032ರ ಡಿಸೆಂಬರ್ 22ರಂದು ಭೂಮಿಗೆ ಕ್ಷುದ್ರಗ್ರಹ ಬಡಿಯಬಹುದೆಂಬ ಹಳೆಯ ಸುದ್ದಿ ಅವನ ತಲೆಯಿಂದ ಹೋಗಿಲ್ಲ. ಆ ವರ್ಷ ತಾನು ಎರಡನೇ ಪಿಯುಸಿ, ಡಿಸೆಂಬರಿನಲ್ಲಿ ಕಲ್ಲು ಬಿದ್ದರೆ ಮಾರ್ಚಿನಲ್ಲಿ ಪರೀಕ್ಷೆ ಇರುವುದಿಲ್ಲ ಎಂಬುದು ಅವನ ವಾದ. ಈಗಿನಿಂದಲೇ ಗಣಿತ ಬಿಟ್ಟಿದ್ದಾನೆ.

ಕಚೇರಿಯಲ್ಲಿ ಮೇಲಧಿಕಾರಿ ‘ಮನೆಯಿಂದ ಕೆಲಸ ಮಾಡಿದರೆ ಉತ್ಪಾದಕತೆ ಕುಸಿತ’ ಎಂಬ ಸುದ್ದಿ ಕಳುಹಿಸುತ್ತಾರೆ. ಹತ್ತೇ ನಿಮಿಷದಲ್ಲಿ ಯಾರೋ ಅದಕ್ಕೆ ತದ್ವಿರುದ್ಧವಾದ ಸುದ್ದಿ ಹಾಕುತ್ತಾರೆ. ಭಾವನವರು ತೂಕ ಇಳಿಸುವ ಚುಚ್ಚುಮದ್ದಿನಿಂದ ‘ಹೃದಯಾಘಾತ ಶೇ 20ರಷ್ಟು ಕಡಿಮೆ’ ಎಂದು ಓದಿ ವೈದ್ಯರ ಬಳಿ ಹೊರಟಿದ್ದಾರೆ.

ನಾನು ಓದಿದ್ದು ವಾಣಿಜ್ಯ. ಇದರಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ತಿಳಿಯುವುದು ಹೇಗೆ?

ಗಾಂಧಿಬಜಾರ್ ಗೋಪಿ

ತುಂಬ ಸುಲಭ. ದುಡ್ಡು ಯಾರು ಕೊಟ್ಟರು ಎಂದು ನೋಡಿ. ಎಲ್ಲವೂ ಕಂಪನಿಗಳ ಆಟ.

ಹಳೇ ಸ್ಟೆತಸ್ಕೋಪ್

ಗೋಪಿಯವರೇ, ಹತ್ತು ಸಾವಿರದ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಅಕ್ಷರಶಃ ನಿಜ. ಆ ಸಂಖ್ಯೆ ಯಾವ ವೈದ್ಯಕೀಯ ಅಧ್ಯಯನದಿಂದಲೂ ಹುಟ್ಟಿದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರುಕಟ್ಟೆಗೆ ತಂದಿತು. ಹೆಸರು ‘ಮಾನ್ಪೋ-ಕೇ’, ಅಂದರೆ ಹತ್ತು ಸಾವಿರ ಹೆಜ್ಜೆಗಳ ಮಾಪಕ. ಶಾಲಿನಿಯವರೇ, ನಿಮ್ಮ ತಂದೆಗೆ ‘ಹತ್ತು’ ಎಂದವರು ವಿಜ್ಞಾನಿಗಳಲ್ಲ, ಅಂಗಡಿಯವರು ಎಂದು ಹೇಳಿ.

ಏಳು ಸಾವಿರ ಬಂದದ್ದು 2025ರ ಜುಲೈನಲ್ಲಿ, ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ ಪತ್ರಿಕೆಯಲ್ಲಿ. ಐವತ್ತೇಳು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದಾರೆ. ದಿನಕ್ಕೆ ಎರಡು ಸಾವಿರ ಹೆಜ್ಜೆ ನಡೆಯುವವರಿಗೆ ಹೋಲಿಸಿದರೆ ಏಳು ಸಾವಿರ ನಡೆಯುವವರಲ್ಲಿ ಸಾವಿನ ಸಂಭವ ಶೇ 47ರಷ್ಟು ಕಡಿಮೆ. ಹೋಲಿಕೆ ಯಾರೊಂದಿಗೆ ಎಂಬುದನ್ನು ಗಮನಿಸಿ. ಕುರ್ಚಿ ಬಿಟ್ಟು ಏಳದವರೊಂದಿಗೆ. ಹತ್ತು ಸಾವಿರ ನಡೆದರೆ ಕೆಟ್ಟದ್ದು ಎಂದು ಅವರು ಎಲ್ಲೂ ಹೇಳಿಲ್ಲ. ಏಳರ ನಂತರ ಸಿಗುವ ಹೆಚ್ಚುವರಿ ಲಾಭ ಸಣ್ಣದಾಗುತ್ತಾ ಹೋಗುತ್ತದೆ, ಅಷ್ಟೆ. ಮಂಡಿ ಊದಿದೆ ಎಂದರೆ ಲ್ಯಾನ್ಸೆಟ್ ಬೇಡ, ಮೂಳೆ ವೈದ್ಯರು ಸಾಕು.

ಪ್ರಯೋಗಾಲಯದ ಇಲಿ

ಡಾಕ್ಟರೇ, ಒಂದು ಸೇರ್ಪಡೆ. ಅವುಗಳಲ್ಲಿ ಹೆಚ್ಚಿನವು ಜನರನ್ನು ಗಮನಿಸಿದ ಅಧ್ಯಯನಗಳು, ಪ್ರಯೋಗಗಳಲ್ಲ. ಆರೋಗ್ಯವಾಗಿರುವವರು ಹೆಚ್ಚು ನಡೆಯುತ್ತಾರೆ, ಕಾಯಿಲೆಯವರು ಕಡಿಮೆ ನಡೆಯುತ್ತಾರೆ. ನಡೆದಿದ್ದರಿಂದ ಆರೋಗ್ಯವೋ, ಆರೋಗ್ಯವಿದ್ದುದರಿಂದ ನಡಿಗೆಯೋ ಎಂಬ ಗಂಟು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ.

ಹಳೇ ಸ್ಟೆತಸ್ಕೋಪ್

ಸರಿ, ಒಪ್ಪಿದೆ. ಆದರೆ ಇದನ್ನು ನನ್ನ ರೋಗಿಗಳ ಮುಂದೆ ಹೇಳಬೇಡಿ. ನಡೆಯದಿರಲು ನೆಪ ಹುಡುಕುವುದರಲ್ಲಿ ಅವರು ನಿಮಗಿಂತ ದೊಡ್ಡ ಸಂಶೋಧಕರು.

ಶೇ 20ರ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಎಡವುವುದು ಇಲ್ಲಿಯೇ. 2023ರ ನವೆಂಬರಿನಲ್ಲಿ ಪ್ರಕಟವಾದ ‘ಸೆಲೆಕ್ಟ್’ ಪ್ರಯೋಗ ಅದು. ಔಷಧ ಸೆಮಾಗ್ಲುಟೈಡ್. ಪಾಲ್ಗೊಂಡವರು 17,604 ಮಂದಿ, ಎಲ್ಲರಿಗೂ ತೂಕ ಹೆಚ್ಚು, ಮಧುಮೇಹ ಇಲ್ಲ, ಆದರೆ ಹೃದಯ ಅಥವಾ ರಕ್ತನಾಳದ ಕಾಯಿಲೆ ಮೊದಲೇ ಇತ್ತು. ಸುಮಾರು ಮೂರೂಕಾಲು ವರ್ಷದಲ್ಲಿ ಖಾಲಿ ಮದ್ದು (ಔಷಧವಿಲ್ಲದ ಚುಚ್ಚುಮದ್ದು) ಪಡೆದ ನೂರು ಮಂದಿಯಲ್ಲಿ ಎಂಟು ಮಂದಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ ಸಂಬಂಧಿ ಸಾವು. ನಿಜವಾದ ಮದ್ದು ಪಡೆದವರಲ್ಲಿ ನೂರಕ್ಕೆ ಆರೂವರೆ. ಎಂಟು ಆರೂವರೆಯಾದರೆ ಐದನೇ ಒಂದು ಪಾಲು ಇಳಿದಂತೆ, ಅದೇ ಶೇ 20. ನೂರು ಜನರ ಲೆಕ್ಕದಲ್ಲಿ ನೋಡಿದರೆ ಒಂದೂವರೆ ಜನ. ಎರಡೂ ಲೆಕ್ಕ ಸರಿಯೇ. ಪತ್ರಿಕೆಯ ಶೀರ್ಷಿಕೆಗೆ ಮೊದಲನೆಯದೇ ಏಕೆ ಹೋಗುತ್ತದೆ ಎಂಬುದನ್ನು ಚಿಕ್ಕಪೇಟೆಯ ಸೀರೆ ಅಂಗಡಿಯ ರಿಯಾಯಿತಿ ಫಲಕ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಶಾಲಿನಿ ಬಸವನಗುಡಿ

ಭಾವನವರಿಗೆ ಹೃದಯದ ಕಾಯಿಲೆ ಇಲ್ಲ. ಹೋಟೆಲಿನ ಮಸಾಲೆ ದೋಸೆಯ ಕಾಯಿಲೆ ಇದೆ.

ಹಳೇ ಸ್ಟೆತಸ್ಕೋಪ್

ಹಾಗಿದ್ದರೆ ಆ ಪ್ರಯೋಗ ಅವರ ಬಗ್ಗೆ ಏನೂ ಹೇಳುವುದಿಲ್ಲ. ಹೊಟ್ಟೆ ತೊಳಸು, ವಾಂತಿಯಂಥ ತೊಂದರೆ ತಾಳಲಾರದೆ ನೂರಕ್ಕೆ ಸುಮಾರು ಹತ್ತು ಮಂದಿ ಮದ್ದನ್ನು ನಡುವೆ ಬಿಟ್ಟರು ಎಂಬುದನ್ನೂ ತಿಳಿಸಿ.

ಗಾಂಧಿಬಜಾರ್ ಗೋಪಿ

ಆ ಪ್ರಯೋಗಕ್ಕೆ ಖರ್ಚು ಹಾಕಿದ್ದು ಔಷಧ ತಯಾರಿಸುವ ಕಂಪನಿಯೇ. ನಾನು ಹೇಳಿದ್ದು ಅದನ್ನೇ.

ಪ್ರಯೋಗಾಲಯದ ಇಲಿ

ಹೌದು, ಅವರೇ. ಹದಿನೇಳು ಸಾವಿರ ಜನರನ್ನು ಮೂರು ವರ್ಷ ಹಿಂಬಾಲಿಸುವ ಖರ್ಚು ಬೇರೆ ಯಾರು ಕೊಡುತ್ತಾರೆ, ನೀವು ಕೊಡುತ್ತೀರಾ? ದುಡ್ಡು ಯಾರದೆಂದು ಕೇಳುವುದು ಒಳ್ಳೆಯ ಮೊದಲ ಪ್ರಶ್ನೆ. ಅದೇ ಕೊನೆಯ ಪ್ರಶ್ನೆಯೂ ಆಗಿಬಿಟ್ಟರೆ ನೀವು ಏನನ್ನೂ ಓದಬೇಕಾಗಿಲ್ಲ.

ಜೀವವಿಜ್ಞಾನದ ಸುದ್ದಿ ಓದುವವರು ಹುಡುಕಬೇಕಾದ ಪದ ಒಂದೇ: ‘ಇಲಿ’. ಹತ್ತನೇ ಪ್ಯಾರಾದಲ್ಲಿ ಎಲ್ಲೋ ಅಡಗಿ ಕುಳಿತಿರುತ್ತದೆ. ನಾನು ಯಶವಂತಪುರದ ಆಚೆ ಒಂದು ಪ್ರಯೋಗಾಲಯದಲ್ಲಿ ಐದು ವರ್ಷದಿಂದ ಇಲಿಗಳ ಕಾಯಿಲೆ ಗುಣಪಡಿಸುತ್ತಿದ್ದೇನೆ. ಅಜ್ಜಿ ಊರಿನಿಂದ ಕರೆ ಮಾಡಿ ‘ನನ್ನ ಸಕ್ಕರೆ ಕಾಯಿಲೆಗೆ ಮದ್ದು ಕಂಡುಹಿಡಿದೆಯಂತೆ’ ಎಂದು ಕೇಳಿದಾಗ ನಾಚಿಕೆಯಾಗುತ್ತದೆ.

ಮದ್ದೂರಿನ ಮೊಮ್ಮಗ

ಇಲಿ ಬಿಡಿ, ಭತ್ತದ ಕಥೆ ಹೇಳಿ. 2025ರ ಮೇ ತಿಂಗಳಲ್ಲಿ ಕೇಂದ್ರದವರು ಜೀನ್ ತಿದ್ದಿದ ಎರಡು ಭತ್ತದ ತಳಿ ಬಿಡುಗಡೆ ಮಾಡಿದರು. ನಮ್ಮ ದೊಡ್ಡಪ್ಪ ‘ಕುಲಾಂತರಿ ಬಂತು, ಇನ್ನು ಬೀಜ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ’ ಎಂದು ಊರೆಲ್ಲ ಸಾರಿಕೊಂಡು ಬಂದರು. ಸೋನಾ ಮಸೂರಿಯನ್ನೇ ತಿದ್ದಿದ್ದಾರಂತೆ, ಹೌದೇ?

ಪ್ರಯೋಗಾಲಯದ ಇಲಿ

ಸೋನಾ ಮಸೂರಿ ಅಲ್ಲ, ಸಾಂಬಾ ಮಸೂರಿ. ಅದನ್ನು ತಿದ್ದಿ ಮಾಡಿದ್ದು ‘ಡಿಆರ್‌ಆರ್ ಧಾನ್ 100’, ಇನ್ನೊಂದು ಹೆಸರು ‘ಕಮಲಾ’. ಎರಡನೆಯದು ‘ಪೂಸಾ ಡಿಎಸ್‌ಟಿ ರೈಸ್ 1’, ಎಂಟಿಯು 1010 ತಳಿಯಿಂದ ಬಂದದ್ದು, ಚೌಳು ನೆಲವನ್ನೂ ನೀರಿನ ಕೊರತೆಯನ್ನೂ ತಾಳುವುದಕ್ಕೆ.

ಕುಲಾಂತರಿ ಎಂದರೆ ಬೇರೆ ಜೀವಿಯ ಜೀನ್ ತಂದು ಸೇರಿಸುವುದು, ಬಿಟಿ ಹತ್ತಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾದ್ದನ್ನು ಸೇರಿಸಿದ ಹಾಗೆ. ಇಲ್ಲಿ ಹೊರಗಿನದು ಏನೂ ಉಳಿದಿಲ್ಲ. ಭತ್ತದ್ದೇ ಒಂದು ಜೀನನ್ನು ಕತ್ತರಿಸಿ ಸುಮ್ಮನಾಗಿಸಿದ್ದಾರೆ. ಕಮಲಾದಲ್ಲಿ ಅದು ತೆನೆಯ ಕಾಳಿನ ಸಂಖ್ಯೆಗೆ ಕಡಿವಾಣ ಹಾಕುವ ಜೀನ್, ಕಡಿವಾಣ ತೆಗೆದರೆ ಕಾಳು ಹೆಚ್ಚು. ಇಂಥವನ್ನು ಕುಲಾಂತರಿ ಕಾನೂನಿನ ಬಿಗಿ ನಿಯಮಗಳಿಂದ 2022ರಲ್ಲೇ ಹೊರಗಿಟ್ಟಿದ್ದಾರೆ. ಕಮಲಾದ ಇಳುವರಿ ಶೇ 19 ಹೆಚ್ಚು, ಕೊಯ್ಲು ಸುಮಾರು ಇಪ್ಪತ್ತು ದಿನ ಮುಂಚೆ ಎನ್ನುವುದು ತಳಿ ಮಾಡಿದವರ ಮಾತು.

ಮದ್ದೂರಿನ ಮೊಮ್ಮಗ

ತಳಿ ಮಾಡಿದವರ ಮಾತು ಎಂದಿರಿ ನೋಡಿ, ಅದು ಸರಿ. ನಾಲೆಯ ಕೊನೆಯ ಗದ್ದೆಯಲ್ಲಿ ನೀರು ಬರದ ವರ್ಷ ಎಷ್ಟು ಬೆಳೆಯುತ್ತದೆ ಎಂದು ದೊಡ್ಡಪ್ಪನೇ ಹೇಳಬೇಕು. ಇಪ್ಪತ್ತು ದಿನ ಮುಂಚೆ ಕೊಯ್ಲಾದರೆ ಮಾತ್ರ ಅವರು ವಿಜ್ಞಾನಿಗಳಿಗೆ ಹಾರ ಹಾಕುತ್ತಾರೆ, ಕಟ್ಟೆಯಿಂದ ನೀರು ಬಿಡುವ ಲೆಕ್ಕ ಅಷ್ಟು ಬಿಗಿಯಾಗಿದೆ.

ನಕ್ಷತ್ರಿಕ

ಪಿಯುಸಿ ಹುಡುಗನ ವಿಷಯಕ್ಕೆ ಯಾರೂ ಬರಲೇ ಇಲ್ಲವಲ್ಲ. ಆ ಕಲ್ಲಿನ ಹೆಸರು 2024 ವೈಆರ್4. 2024ರ ಡಿಸೆಂಬರ್ 27ರಂದು ಚಿಲಿಯ ಅಟ್ಲಾಸ್ ದೂರದರ್ಶಕದಲ್ಲಿ ಸಿಕ್ಕಿತು. ಫೆಬ್ರವರಿಯ ಮಧ್ಯದಲ್ಲಿ ಬಡಿಯುವ ಸಂಭವ ಶೇ 3.1ಕ್ಕೆ ಏರಿತು, ಮುಂದಿನ ಒಂದೇ ವಾರದಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಪತ್ರಿಕೆಗಳು ಏರಿದ್ದನ್ನು ಮುಖಪುಟದಲ್ಲಿ ಹಾಕಿದವು. ಇಳಿದದ್ದು ಒಳಪುಟದಲ್ಲಿ, ಚಿನ್ನದ ದರದ ಪಕ್ಕ.

ಮೊದಲು ಏರಿ ಆಮೇಲೆ ಇಳಿದರೆ ವಿಜ್ಞಾನಿಗಳು ಗೊಂದಲದಲ್ಲಿದ್ದರು ಎಂದು ಅರ್ಥವಲ್ಲ. ನಿಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ಕಡಲೆಕಾಯಿ ಪರಿಷೆಯಲ್ಲಿ ನೂರು ಅಂಗಡಿ ಸುತ್ತಿ ಪರ್ಸ್ ಕಳೆದುಕೊಂಡಿರಿ ಎನ್ನಿ. ಅದು ದೊಡ್ಡ ಬಸವಣ್ಣನ ಗುಡಿಯ ಮುಂದಿನ ಅಂಗಡಿಯಲ್ಲೇ ಬಿದ್ದಿರುವ ಸಂಭವ ನೂರಕ್ಕೆ ಒಂದು. ಎಪ್ಪತ್ತು ಅಂಗಡಿ ಹುಡುಕಿದಿರಿ, ಸಿಗಲಿಲ್ಲ. ಈಗ ಉಳಿದ ಮೂವತ್ತರಲ್ಲಿ ಆ ಅಂಗಡಿಯೂ ಒಂದು, ಸಂಭವ ನೂರಕ್ಕೆ ಮೂರು ದಾಟಿತು. ಪರ್ಸ್ ಗುಡಿಯ ಕಡೆಗೆ ಉರುಳಿ ಬರಲಿಲ್ಲ, ಹುಡುಕುವ ಜಾಗ ಕಿರಿದಾಯಿತು. ಮುಂದಿನ ಅಂಗಡಿಯ ಗೋಣಿಚೀಲದ ಕೆಳಗೆ ಪರ್ಸ್ ಸಿಕ್ಕಿತು. ಗುಡಿಯ ಅಂಗಡಿಯ ಪಾಲು ಸೊನ್ನೆ. ಕ್ಷುದ್ರಗ್ರಹದ ಕಕ್ಷೆ ಲೆಕ್ಕ ಹಾಕಿದಾಗ ಆಗಿದ್ದೂ ಇದೇ.

ಶಾಲಿನಿ ಬಸವನಗುಡಿ

ಓದಿ ಹೇಳಿದೆ. ಮಗ ಎರಡು ನಿಮಿಷ ಸುಮ್ಮನಿದ್ದು, ‘ಹಾಗಾದರೆ ಗಣಿತ ಓದಲೇಬೇಕೇ?’ ಎಂದ. ಧನ್ಯವಾದ, ದುಃಖದಲ್ಲಿದ್ದಾನೆ.

ಮುನ್ನೂರ ಮೂವತ್ತೈದು ಇ

ಬೇರೆ ಗ್ರಹದಲ್ಲಿ ಜೀವ ಸಿಕ್ಕಿತಲ್ಲ, ಆ ವಿಷಯ ಏನಾಯಿತು? 99.7 ಶೇಕಡ ಖಚಿತ ಎಂದು ಓದಿದ ನೆನಪು.

ನಕ್ಷತ್ರಿಕ

ಆ ‘99.7’ ನೋಡಿದಾಗಲೆಲ್ಲ ನನಗೆ ತಲೆನೋವು ಬರುತ್ತದೆ. ಕೆ2-18ಬಿ ಎಂಬ ಗ್ರಹ, ಸಿಂಹ ರಾಶಿಯ ದಿಕ್ಕಿನಲ್ಲಿ 124 ಜ್ಯೋತಿರ್ವರ್ಷ ದೂರ. ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ 2025ರ ಏಪ್ರಿಲ್‌ನಲ್ಲಿ, ಜೇಮ್ಸ್ ವೆಬ್ ದೂರದರ್ಶಕದ ದತ್ತಾಂಶದಲ್ಲಿ ಡೈಮೀಥೈಲ್ ಸಲ್ಫೈಡ್‌ನಂಥ ಅನಿಲದ ಸುಳಿವು ಕಂಡಿದೆ ಎಂದಿತು. ಭೂಮಿಯ ಮೇಲೆ ಅದನ್ನು ಮುಖ್ಯವಾಗಿ ಕಡಲಿನ ಸೂಕ್ಷ್ಮಜೀವಿಗಳು ತಯಾರಿಸುತ್ತವೆ.

ಸುಳಿವಿನ ಬಲ ‘ಮೂರು ಸಿಗ್ಮಾ’. ಅನಿಲ ಇಲ್ಲದೆಯೂ ಕೇವಲ ಆಕಸ್ಮಿಕವಾಗಿ ಇಂಥ ಗುರುತು ಮೂಡುವ ಸಂಭವ ಸಾವಿರಕ್ಕೆ ಮೂರು ಎಂಬುದಷ್ಟೇ ಅದರ ಅರ್ಥ. ‘ಜೀವ ಇರುವ ಸಂಭವ 99.7’ ಎಂದಲ್ಲ, ‘ಅನಿಲ ಇರುವ ಸಂಭವ 99.7’ ಎಂದೂ ಅಲ್ಲ. ಆವಿಷ್ಕಾರ ಎನ್ನಬೇಕಾದರೆ ಐದು ಸಿಗ್ಮಾ ಬೇಕು. ಅದೇ ದತ್ತಾಂಶವನ್ನು ಬೇರೆ ತಂಡಗಳು ಬೇರೆ ರೀತಿಯಲ್ಲಿ ವಿಶ್ಲೇಷಿಸಿದಾಗ ಸುಳಿವು ಮಸುಕಾಯಿತು. ಜೀವದ ಸುಳಿವೇ ಇಲ್ಲದ 67ಪಿ ಧೂಮಕೇತುವಿನಲ್ಲೂ ಇದೇ ಅನಿಲ ಸಿಕ್ಕಿದೆ. ಮಧುಸೂದನ್ ಅವರೇ ಇನ್ನಷ್ಟು ವೀಕ್ಷಣೆ ಬೇಕು ಎಂದಿದ್ದರು. ಅದನ್ನು ಯಾವ ವಾಹಿನಿಯೂ ಕೆಂಪು ಪಟ್ಟಿಯಲ್ಲಿ ಓಡಿಸಲಿಲ್ಲ.

ಚಿಕೋರಿ ಬೇಡ

ನಮ್ಮ ಬೆಂಗಳೂರಿನಲ್ಲಿ ಸಿಂಹ ರಾಶಿಯೇ ಕಾಣುವುದಿಲ್ಲ, ಇನ್ನು ಅದರ ಗ್ರಹ! 2024ರ ಅಕ್ಟೋಬರಿನಲ್ಲಿ ಧೂಮಕೇತು ಬಂದಾಗ ಬೆಳಗಿನ ಜಾವ ಎದ್ದು ಮೇಲ್ಛಾವಣಿಗೆ ಹೋದೆ. ಕಂಡದ್ದು ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲಿನ ದೀಪ.

ನಕ್ಷತ್ರಿಕ

ನಾನು ನಂದಿಬೆಟ್ಟದ ದಾರಿಯಲ್ಲಿ ನೋಡಿದೆ, ಬರಿಗಣ್ಣಿಗೇ ಬಾಲ ಸಮೇತ. ದೀಪಗಳಿಂದ ಹತ್ತಿಪ್ಪತ್ತು ಕಿಲೋಮೀಟರ್ ಆಚೆ ಹೋಗುವ ಸೋಮಾರಿತನ ಬಿಡಬೇಕು, ಅಷ್ಟೆ.

ಮುನ್ನೂರ ಮೂವತ್ತೈದು ಇ

ಇನ್ನು ಕಚೇರಿ. ನಾಲ್ಕು ವರ್ಷದಿಂದ ಇದೇ ಜಗಳ ಓದುತ್ತಿದ್ದೇನೆ, ಹೆಚ್ಚಾಗಿ ಬಸ್ಸಿನಲ್ಲಿ ನಿಂತುಕೊಂಡು, ಆದ್ದರಿಂದ ಸಮಯಕ್ಕೆ ಕೊರತೆಯಿಲ್ಲ. ನನಗೆ ನಂಬಿಕೆ ಬಂದದ್ದು ಒಂದರ ಮೇಲೆ. ಚೀನಾದ ಪ್ರವಾಸಿ ಕಂಪನಿ ಟ್ರಿಪ್.ಕಾಮ್‌ನಲ್ಲಿ 1,612 ನೌಕರರ ಮೇಲೆ ನಡೆದದ್ದು, 2024ರಲ್ಲಿ ‘ನೇಚರ್’ನಲ್ಲಿ ಬಂತು, ಸ್ಟ್ಯಾನ್‌ಫರ್ಡ್‌ನ ನಿಕೋಲಸ್ ಬ್ಲೂಮ್ ಅದರ ಲೇಖಕರಲ್ಲಿ ಒಬ್ಬರು. ಮನೆಯಿಂದ ಕೆಲಸ ಬೇಕೇ ಎಂದು ಯಾರನ್ನೂ ಕೇಳಿ ಗುಂಪು ಮಾಡಲಿಲ್ಲ. ಹುಟ್ಟಿದ ತಾರೀಖು ಬೆಸವಾದರೆ ವಾರಕ್ಕೆ ಎರಡು ದಿನ ಮನೆಯಿಂದ, ಸಮವಾದರೆ ಐದೂ ದಿನ ಕಚೇರಿ. ಅಷ್ಟೇ ನಿಯಮ. ಸೋಮಾರಿಯೂ ಶ್ರಮಜೀವಿಯೂ ಎರಡೂ ಗುಂಪಿನಲ್ಲಿ ಸಮನಾಗಿ ಹಂಚಿಹೋಗುತ್ತಾರೆ, ಏಕೆಂದರೆ ಸೋಮಾರಿಗಳು ಬೆಸ ತಾರೀಖು ನೋಡಿ ಹುಟ್ಟುವುದಿಲ್ಲ. ಆರು ತಿಂಗಳ ಪ್ರಯೋಗ. ಕೆಲಸ ಬಿಟ್ಟು ಹೋಗುವವರು ಮೂರನೇ ಒಂದು ಪಾಲು ಕಡಿಮೆಯಾದರು. ಮುಂದಿನ ಎರಡು ವರ್ಷದ ಮೌಲ್ಯಮಾಪನ, ಬಡ್ತಿಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಶುರುವಿನಲ್ಲಿ ‘ಉತ್ಪಾದಕತೆ ಇಳಿಯುತ್ತದೆ’ ಎಂದಿದ್ದ ವ್ಯವಸ್ಥಾಪಕರು ಕೊನೆಗೆ ‘ಸ್ವಲ್ಪ ಏರಿತು’ ಎಂದರು.

ಮಾನವ ಸಂಪನ್ಮೂಲದ ಮಾಲಿನಿ

ನಾನು ಇನ್ನೊಂದು ಬದಿಯವಳು, ಬೈಸಿಕೊಳ್ಳಲು ಸಿದ್ಧಳಾಗಿಯೇ ಬಂದಿದ್ದೇನೆ. ಆ ಅಧ್ಯಯನ ವಾರಕ್ಕೆ ಎರಡು ದಿನದ್ದು. ನಮ್ಮಲ್ಲಿ ಅದನ್ನು ಹಿಡಿದುಕೊಂಡು ಐದೂ ದಿನ ಮನೆ, ಅದೂ ಊರಿನ ಮನೆ, ಶಿರಸಿಯಿಂದ ಕೆಲಸ ಎಂದು ಕೇಳುತ್ತಾರೆ. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಕೆಲಸ ಕಲಿಯುವುದು ಪಕ್ಕದ ಕುರ್ಚಿಯವರನ್ನು ನೋಡಿ. ‘ನಾಲ್ಕು ದಿನದ ವಾರ’ದ ಸುದ್ದಿಯೂ ಹೀಗೆಯೇ. 2025ರಲ್ಲಿ ಬಂದ ಅಧ್ಯಯನದಲ್ಲಿ ಆರು ದೇಶಗಳ 141 ಸಂಸ್ಥೆಗಳು, 2,896 ನೌಕರರು. ದಣಿವು ಕಡಿಮೆ, ಸಂತೃಪ್ತಿ ಹೆಚ್ಚು. ಆದರೆ ಸಂಸ್ಥೆಗಳು ತಾವಾಗಿಯೇ ಮುಂದೆ ಬಂದು ಸೇರಿದವು. ಸಮ-ಬೆಸದ ಚೀಟಿ ಇಲ್ಲಿಲ್ಲ. ಇದನ್ನು ಮಾತ್ರ ನಮ್ಮ ನೌಕರರು ಪ್ರಶ್ನಿಸುವುದೇ ಇಲ್ಲ.

ಮುನ್ನೂರ ಮೂವತ್ತೈದು ಇ

ನ್ಯಾಯವಾದ ಮಾತು. ಹಾಗೆಯೇ ವಾರಕ್ಕೆ 70 ಗಂಟೆ ದುಡಿಯಿರಿ ಎಂದು 2023ರಲ್ಲಿ ನಾರಾಯಣ ಮೂರ್ತಿಯವರು ಹೇಳಿದಾಗ ನಿಮ್ಮ ಬದಿಯವರು ಯಾವ ಅಧ್ಯಯನ ಕೇಳಿದಿರಿ? ವಾರಕ್ಕೆ 55 ಗಂಟೆ ದಾಟಿದವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲೇ ಹೇಳಿದ್ದವು.

ಹಳೇ ಸ್ಟೆತಸ್ಕೋಪ್

ಶೇ 35 ಯಾವುದರ ಮೇಲೆ? 😀 ನಿಮ್ಮ ಬದಿಗೂ ಅದೇ ನಿಯಮ, ಸ್ವಾಮಿ.

ಮುನ್ನೂರ ಮೂವತ್ತೈದು ಇ

ವಾರಕ್ಕೆ 35ರಿಂದ 40 ಗಂಟೆ ದುಡಿಯುವವರ ಮೇಲೆ. ಮೂಲ ಅಪಾಯ ಎಷ್ಟೆಂದು ನಾನೂ ನೋಡಿರಲಿಲ್ಲ. ಸಿಕ್ಕಿಬಿದ್ದೆ.

ತಪ್ಪುಕಾಣಿಕೆಯಾಗಿ ನಮ್ಮ ವೃತ್ತಿಯ ಮಾನ ತೆಗೆಯುವ ಒಂದು ಅಧ್ಯಯನ ಒಪ್ಪಿಸುತ್ತೇನೆ. ‘ಮೀಟರ್’ ಎಂಬ ಅಮೆರಿಕದ ಸಂಸ್ಥೆ 2025ರಲ್ಲಿ ಹದಿನಾರು ಅನುಭವಿ ಪ್ರೋಗ್ರಾಮರ್‌ಗಳಿಗೆ 246 ಕೆಲಸ ಕೊಟ್ಟಿತು, ಕೆಲವಕ್ಕೆ ಕೃತಕ ಬುದ್ಧಿಮತ್ತೆಯ ನೆರವು, ಕೆಲವಕ್ಕೆ ಇಲ್ಲ. ನೆರವು ಪಡೆದಾಗ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಮುಗಿದ ಮೇಲೆ ಕೇಳಿದರೆ ‘ಶೇ 20 ಬೇಗ ಮುಗಿಸಿದೆವು’ ಎಂದರು! ಹದಿನಾರೇ ಜನ, ಆಗಿನ ಸಾಧನಗಳು, ಎಲ್ಲ ಒಪ್ಪುತ್ತೇನೆ. ಆದರೂ ‘ನಾನು ಮನೆಯಲ್ಲಿದ್ದರೆ ಹೆಚ್ಚು ಕೆಲಸ ಮಾಡುತ್ತೇನೆ’ ಎನ್ನುವ ನನ್ನ ಮಾತನ್ನು ಅಂದಿನಿಂದ ನಾನೇ ಪೂರ್ತಿ ನಂಬುವುದಿಲ್ಲ.

ಚಿಕೋರಿ ಬೇಡ

ಯಾರಾದರೂ ಕಾಫಿಯ ವಿಷಯ ಎತ್ತುತ್ತೀರೇನೋ ಎಂದು ಬೆಳಗ್ಗೆಯಿಂದ ಕಾಯುತ್ತಿದ್ದೇನೆ. ಬೆಳಗ್ಗೆ ಕುಡಿಯುವವರ ಆಯಸ್ಸು ಹೆಚ್ಚಂತೆ.

ಹಳೇ ಸ್ಟೆತಸ್ಕೋಪ್

2025ರ ಜನವರಿಯ ಅಧ್ಯಯನ, ಅಮೆರಿಕದ ಸುಮಾರು ನಲವತ್ತು ಸಾವಿರ ವಯಸ್ಕರು. ಬೆಳಗ್ಗೆ ಮಾತ್ರ ಕುಡಿಯುವವರಲ್ಲಿ, ಕಾಫಿ ಕುಡಿಯದವರಿಗಿಂತ ಸಾವಿನ ಸಂಭವ ಶೇ 16 ಕಡಿಮೆ. ಇದೂ ಗಮನಿಸಿದ್ದು, ಪ್ರಯೋಗವಲ್ಲ. ಅದೇ ವರ್ಷ ಸ್ವೀಡನ್ನಿನ ಉಪ್ಸಾಲಾದವರು ಕಚೇರಿಗಳ ಹದಿನಾಲ್ಕು ಕಾಫಿ ಯಂತ್ರ ಪರೀಕ್ಷಿಸಿ, ಕೊಲೆಸ್ಟರಾಲ್ ಏರಿಸುವ ಕೆಫೆಸ್ಟಾಲ್ ಎಂಬ ಅಂಶ ಕಾಗದದಲ್ಲಿ ಸೋಸಿದ ಕಾಫಿಗಿಂತ ಅಲ್ಲಿ ಬಹಳ ಹೆಚ್ಚು ಎಂದರು. ಕಾಗದ ಅದನ್ನು ಹಿಡಿದುಕೊಳ್ಳುತ್ತದೆ, ಲೋಹದ ಜರಡಿ ಅಷ್ಟು ಹಿಡಿಯುವುದಿಲ್ಲ.

ಚಿಕೋರಿ ಬೇಡ

ನಮ್ಮ ಹಿತ್ತಾಳೆ ಫಿಲ್ಟರಿನ ತೂತು ನೋಡಿದ್ದೀರಾ? ಸಾಸಿವೆ ಜಾರುತ್ತದೆ. ಅಜ್ಜಿ ಅದರಲ್ಲೇ ದಿನಕ್ಕೆ ಆರು ಲೋಟ ಕುಡಿದು ತೊಂಬತ್ತೊಂದು ವರ್ಷ ಬದುಕಿದರು.

ಪ್ರಯೋಗಾಲಯದ ಇಲಿ

ಬಂತು, ಅಜ್ಜಿಯ ಅಧ್ಯಯನ. ಪ್ರತಿ ಚರ್ಚೆಯಲ್ಲೂ ಒಬ್ಬ ಅಜ್ಜಿ ಇರುತ್ತಾರೆ. ಆರು ಲೋಟ ಕುಡಿದು ಐವತ್ತಕ್ಕೇ ಹೋದ ಅಜ್ಜಂದಿರು ಇಲ್ಲಿ ಬಂದು ಬರೆಯುವುದಿಲ್ಲವಲ್ಲ.

ಗಾಂಧಿಬಜಾರ್ ಗೋಪಿ

ಎಲ್ಲ ಸರಿ, ಹಾಸನದ ಹೃದಯಾಘಾತಗಳ ಬಗ್ಗೆ ಏಕೆ ಯಾರೂ ಬಾಯಿ ಬಿಡುತ್ತಿಲ್ಲ? ಲಸಿಕೆ ಎಂದ ತಕ್ಷಣ ಎಲ್ಲರೂ ಮೌನ.

ಹಳೇ ಸ್ಟೆತಸ್ಕೋಪ್

ಮೌನವೇನಿಲ್ಲ. 2025ರ ಜೂನ್, ಜುಲೈನಲ್ಲಿ ಸಾವುಗಳ ಎಣಿಕೆ ದಿನಾ ವಾಹಿನಿಗಳಲ್ಲಿ ಬಂತು. ಗಾಬರಿಯಾದ ಜನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತರು. ನಿಜವಾಗಿ ಎದೆನೋವು ಇದ್ದವರಿಗೆ ಅದರಿಂದ ಏನಾಯಿತು ಎಂದು ಯೋಚಿಸಿ. ಸಾವುಗಳು ನಿಜ, ಆ ಮನೆಗಳ ದುಃಖ ನಿಜ. ಆದರೆ ಯಾರೂ ಕೇಳದ ಪ್ರಶ್ನೆ: ಹಿಂದಿನ ವರ್ಷ ಅದೇ ಅವಧಿಯಲ್ಲಿ ಎಷ್ಟು? ಜಯದೇವದ ನಿರ್ದೇಶಕರ ನೇತೃತ್ವದ ಸಮಿತಿ ನೋಡಿದ್ದು ಅದನ್ನೇ. ಅಸಹಜ ಏರಿಕೆ ಕಾಣಲಿಲ್ಲ, ಲಸಿಕೆಗೆ ನಂಟು ಸಿಗಲಿಲ್ಲ. ಸಿಕ್ಕಿದ್ದು ಹಳೆಯ ಆರೋಪಿಗಳೇ: ತಂಬಾಕು, ಸಕ್ಕರೆ, ರಕ್ತದೊತ್ತಡ. ಇವು ಸುದ್ದಿಯಾಗುವುದಿಲ್ಲ, ಕೊಲ್ಲುತ್ತವೆ.

ಗಾಂಧಿಬಜಾರ್ ಗೋಪಿ

ಸಮಿತಿ ಸರ್ಕಾರದ್ದು.

ನಿರ್ವಾಹಕ

ಲಸಿಕೆಯ ಬಗ್ಗೆ ಪ್ರತ್ಯೇಕ ಚರ್ಚೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಇನ್ನು ಬರೆದರೆ ಅಳಿಸುತ್ತೇನೆ. ಕಾಫಿಗೆ ವಿನಾಯಿತಿ.

ಶಾಲಿನಿ ಬಸವನಗುಡಿ · ಬುಧವಾರ ರಾತ್ರಿ 9:35

ಇಷ್ಟೆಲ್ಲ ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ. ಇಡೀ ಚರ್ಚೆಯನ್ನು ಅಪ್ಪನಿಗೆ ಓದಿ ಹೇಳಿದೆ. ‘ಮಾನ್ಪೋ-ಕೇ’ ಕಥೆ ಕೇಳಿ ತುಂಬ ಹೊತ್ತು ಮಾತಾಡಲಿಲ್ಲ, ಹನ್ನೊಂದು ವರ್ಷದಿಂದ ಅಂಗಡಿಯವರ ಮಾತು ಕೇಳಿ ನಡೆದೆನಲ್ಲ ಎಂದು ಬೇಸರ. ಅವರಿಗೆ ಹಿಡಿಸಿದ್ದು ಚೀನಾದವರ ಸಮ-ಬೆಸ. ನಿನ್ನೆಯಿಂದ ಪಂಚಾಂಗದ ಪಕ್ಕದಲ್ಲಿ ಒಂದು ಹಳೆಯ ಡೈರಿ ಇಟ್ಟಿದ್ದಾರೆ. ಬೆಸ ತಾರೀಖು ಹತ್ತು ಸಾವಿರ, ಸಮ ತಾರೀಖು ಏಳು ಸಾವಿರ. ರಾತ್ರಿ ಮಂಡಿ ನೋವಿಗೆ ಹತ್ತಕ್ಕೆ ಎಷ್ಟು ಅಂಕ ಎಂದು ಬರೆಯುತ್ತಾರೆ. ತಿಂಗಳು ಪೂರ್ತಿ. (ಮೂಳೆ ವೈದ್ಯರಿಗೆ ಶನಿವಾರ ತೋರಿಸುತ್ತೇವೆ ಡಾಕ್ಟರೇ, ಬೈಯಬೇಡಿ.)

ಪ್ರಯೋಗಾಲಯದ ಇಲಿ

ಅಪ್ಪನಿಗೆ ನಮಸ್ಕಾರ! ಒಬ್ಬನೇ ವ್ಯಕ್ತಿಯ ಮೇಲೆ ಹೀಗೆ ಅದಲುಬದಲು ಮಾಡಿ ನೋಡುವ ಪದ್ಧತಿ ವೈದ್ಯಕೀಯದಲ್ಲಿ ನಿಜವಾಗಿಯೂ ಇದೆ. ಒಂದೇ ತೊಂದರೆ, ಹತ್ತು ಸಾವಿರ ನಡೆದ ನೋವು ಮರುದಿನಕ್ಕೂ ಉಳಿದರೆ ಏಳು ಸಾವಿರದ ದಿನದ ಲೆಕ್ಕಕ್ಕೆ ಬೀಳುತ್ತದೆ. ದಿನ ಬಿಟ್ಟು ದಿನದ ಬದಲು ವಾರ ಬಿಟ್ಟು ವಾರ ಮಾಡಲು ಹೇಳಿ.

ಹಳೇ ಸ್ಟೆತಸ್ಕೋಪ್

ಅಂಕ ಬರೆಯುವವರು ಅಂದು ಎಷ್ಟು ಹೆಜ್ಜೆ ಎಂದು ತಿಳಿದೇ ಬರೆಯುತ್ತಾರೆ. ಅದೂ ಒಂದು ದೋಷ. ಮೊಮ್ಮಗನ ಕೈಗೆ ಯಂತ್ರ ಕೊಟ್ಟು ಅವನೇ ಎಣಿಸಲಿ, ಗಣಿತವೂ ಆದೀತು.

ಶಾಲಿನಿ ಬಸವನಗುಡಿ

ವಾರದ ಲೆಕ್ಕಕ್ಕೆ ಒಪ್ಪಿದ್ದಾರೆ. ಮೊಮ್ಮಗ ದಿನಕ್ಕೆ ಹತ್ತು ರೂಪಾಯಿ ಸಂಬಳ ಕೇಳುತ್ತಿದ್ದಾನೆ. ಅಪ್ಪನದು ಒಂದೇ ಪ್ರಶ್ನೆ ಬಾಕಿ: ಏಕಾದಶಿ ಉಪವಾಸದ ದಿನ ಮಂಡಿ ಹೇಗೂ ಹಗುರವಾಗಿರುತ್ತದೆ, ಅದನ್ನು ಲೆಕ್ಕಕ್ಕೆ ಸೇರಿಸಬೇಕೇ, ಬಿಡಬೇಕೇ?

ಗಾಂಧಿಬಜಾರ್ ಗೋಪಿ

ಮೊದಲು ಆ ಹತ್ತು ರೂಪಾಯಿ ಯಾರು ಕೊಡುತ್ತಾರೆ ಎಂದು ಹೇಳಿ.